ಹಟ್ಟಿಕೇರಿಯ ಗೌರಿ ಹೂ

ಗಾಳಿಗೆ ಓಲಾಡುವ ಹೂವಿಗೆ ಒಂದು ಕ್ಷಣ ಸುಮ್ಮನೆ ನಿಲ್ಲೆಂದು ಹೇಳಿ ಪ್ರಯೋಜನವಿಲ್ಲ ಎಂಬುದು ಕ್ಯಾಮೆರಾ ಹಿಡಿದ ಮೊದಲ ವಾರವೇ ನನಗೆ ತಿಳಿಯಿತು. ಕಾರವಾರ–ಅಂಕೋಲೆ ಬಸ್ಸಿನ ಕಂಡಕ್ಟರನಾಗಿ ಆಯುಷ್ಯ ಸವೆಸಿದವನಿಗೆ, ತನ್ನ ಮಾತು ಕೇಳದವರನ್ನು ಕಂಡರೆ ಸಿಟ್ಟು ಸಹಜ. ನಿವೃತ್ತನಾದ ಅಪ್ಪ ಮನೆಯಲ್ಲಿ ಕೂತು ಅಮ್ಮನ ತಲೆ ತಿನ್ನದಿರಲಿ ಎಂಬ ಸದುದ್ದೇಶದಿಂದ ಮಗಳು ತನ್ನ ಹಳೆಯ ಡಿಜಿಟಲ್ ಕ್ಯಾಮೆರಾ ಕೊಟ್ಟಿದ್ದಳು. ಅಂದಿನಿಂದ ನಮ್ಮ ಕೇರಿ ಹಬ್ಬುವಾಡದ ಬೇಲಿಯ ಹಕ್ಕಿಗಳೆಲ್ಲ ನನ್ನ ಪ್ರಯಾಣಿಕರಾದವು. ಕೊಂಬೆಯ ತುದಿಯಲ್ಲಿ ಕುಳಿತ ಹಕ್ಕಿಗೆ "ಸ್ವಲ್ಪ ಒಳಗೆ ಬನ್ನಿ" ಎಂದು ಬಾಯಿತಪ್ಪಿ ಕೂಗಿಬಿಡುತ್ತಿದ್ದೆ. ಹೀಗಾಗಿ ನನ್ನ ಸಂಗ್ರಹದಲ್ಲಿ ಮಿಂಚುಳ್ಳಿಯ ಬಾಲಗಳು ಧಾರಾಳ, ಕೊಕ್ಕುಗಳು ವಿರಳ. ಓಡಿಹೋಗಲಾರದ ಮರಗಳೇ ನನ್ನ ಮಾನ ಕಾಪಾಡಿದವು.

ಆ ಶ್ರಾವಣದಲ್ಲಿ ಹಟ್ಟಿಕೇರಿಯ ಗುಡ್ಡದಲ್ಲಿ ಒಂದೇ ಒಂದು ಗೌರಿ ಹೂವಿನ ಬಳ್ಳಿ ಕಂಡಿತು. ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು, ಒಲೆಯ ಉರಿಯೇ ಬಳ್ಳಿಗೆ ಹತ್ತಿದಂತೆ. ಗಾಳಿಯೂ ಅಂದು ರಜೆ ಹಾಕಿತ್ತು. ಜೀವನದಲ್ಲಿ ಮೊದಲ ಬಾರಿಗೆ ಅಲುಗಾಡದ ಚಿತ್ರ! ಅದನ್ನು ಸ್ಟುಡಿಯೋದಲ್ಲಿ ದೊಡ್ಡದಾಗಿ ಪ್ರಿಂಟ್ ತೆಗೆಸಿ, ಕಂಡಕಂಡವರಿಗೆ ತೋರಿಸಿದೆ. ತೋರಿಸಿದ್ದು ತಪ್ಪಲ್ಲ, ಹಳೆಯ ಅಭ್ಯಾಸಬಲದಿಂದ ಇಳಿಯುವ ಸ್ಟಾಪು, ದಾಟುವ ಮೋರಿ, ಎಡಕ್ಕೆ ತಿರುಗುವ ಬಂಡೆ, ಎಲ್ಲವನ್ನೂ ಕೂಗಿ ಹೇಳಿದ್ದು ತಪ್ಪು.

ಚೌತಿಗೆ ನಮ್ಮ ಕಡೆ ಗಣಪನ ತಲೆಯ ಮೇಲೆ ಮರದ ಚೌಕಟ್ಟು ಕಟ್ಟಿ, ಕಾಡಿನ ಕಾಯಿ, ಹಣ್ಣು, ಹೂಗಳನ್ನು ತೂಗುಹಾಕುತ್ತಾರೆ. ಅದೇ ಫಲಾವಳಿ. ಯಾರ ಮನೆಯದರಲ್ಲಿ ಅಪರೂಪದ್ದು ಹೆಚ್ಚೆಂಬ ಪೈಪೋಟಿಯೂ ಉಂಟು. ಹಬ್ಬದ ಹಿಂದಿನ ದಿನ ನನ್ನ ಹೆಂಡತಿ ನಾಗವೇಣಿಯ ತಮ್ಮ ವಸಂತ ದಿಗ್ವಿಜಯ ಮುಗಿಸಿದವನಂತೆ ಬಂದು ಜಗಲಿಯ ಮೇಲೆ ಒಂದು ಬಳ್ಳಿ ಹರವಿದ. ಗಡ್ಡೆ ಸಮೇತ!

"ಭಾವಾ, ನೀವು ಹೇಳಿದ ಜಾಗ್ದಲ್ಲೇ ಇತ್ತು. ಹುಡ್ಕೋ ಕೆಲ್ಸನೇ ಬೀಳ್ಲಿಲ್ಲ ಮಾರಾಯ್ರೇ!"

"ಬುಡಸಮೇತ ಯಾಕೆ ಕಿತ್ತೆ ಮಾರಾಯಾ?"

"ಹೂವು ಮಾತ್ರ ತಂದ್ರೆ ಎರಡು ತಾಸಿಗೆ ಬಾಡ್ತದೆ. ಗಣಪ ಏನು ಅಂದ್ಕೊಳ್ತಾನೆ?"

ಗಣಪ ಏನಂದುಕೊಂಡನೋ ತಿಳಿಯದು. ನನಗಂತೂ ಊಟ ಸೇರಲಿಲ್ಲ. ಗುಡ್ಡಕ್ಕಿದ್ದ ಒಂದೇ ಬಳ್ಳಿ ನಮ್ಮ ಮನೆಯ ಚೌಕಟ್ಟಿನಿಂದ ತಲೆಕೆಳಗಾಗಿ ತೂಗುತ್ತಿತ್ತು. ವಿಸರ್ಜನೆಯ ದಿನ ಫಲಾವಳಿಯೊಡನೆ ಗಡ್ಡೆಯೂ ಸಮುದ್ರ ಸೇರಿದರೆ ಅದರ ವಂಶವೇ ಮುಗಿಯಿತು. ಪೂಜೆಯ ಮರುದಿನ ಬೆಳಿಗ್ಗೆ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ನಾನು ಸ್ಟೂಲು ಹತ್ತಿದೆ. ಕೈ ಬಳ್ಳಿ ಕಟ್ಟಿದ ಗಂಟಿನ ಮೇಲಿತ್ತು, ಕಣ್ಣು ಗಣಪನ ಮೇಲಿತ್ತು, ನಾಗವೇಣಿ ಬಾಗಿಲಲ್ಲಿದ್ದಳು.

"ದೇವರ ಮನೇಲೇ ಕಳ್ಳತನ್ವಾ? ಈ ವಯಸ್ಸಲ್ಲಿ?"

ಸ್ಟೂಲಿನ ಮೇಲೆ ನಿಂತೇ ಎಲ್ಲ ತಪ್ಪೊಪ್ಪಿಕೊಂಡೆ, ಗಡ್ಡೆ ಹೋದರೆ ಗುಡ್ಡದಲ್ಲಿ ಮತ್ತೆ ಹೂವಿಲ್ಲ ಎಂದೂ ಹೇಳಿದೆ. ಕೆಳಗಿಳಿಯಲು ಅವಳು ಬಿಟ್ಟಿರಲಿಲ್ಲ.

"ಗೌರಿ ಹೂ ಗೌರಿ ಮಗನಿಗೆ ಬಂತು. ಅದ್ರಲ್ಲಿ ನಿಮ್ದೆಂತ ಹೋಯ್ತು?" ಎಂದಳು. ಸ್ವಲ್ಪ ಹೊತ್ತು ಬಳ್ಳಿಯನ್ನೇ ನೋಡಿ, "ಮುಂದಿನ ವರ್ಷ ಗಣಪಗೆ ಎಂತ ಕಟ್ಟೋದು ಹಾಗಾದ್ರೆ? ನಿಮ್ಮ ಫೋಟೋನಾ?" ಎಂದೂ ಕೇಳಿದಳು. ಸಂಜೆ ಮಂಗಳಾರತಿ ಮುಗಿದೊಡನೆ ತಾನೇ ಬಳ್ಳಿ ಬಿಚ್ಚಿ, ಗಡ್ಡೆಯನ್ನು ಬಾಳೆ ಎಲೆಯಲ್ಲಿ ಸುತ್ತಿ ನನ್ನ ಕೈಗಿಟ್ಟಳು. "ಪ್ರಸಾದ. ತಿನ್ಬೇಡಿ, ವಿಷ."

ಮರುದಿನ ಅದನ್ನು ಹಟ್ಟಿಕೇರಿಯ ಗುಡ್ಡದಲ್ಲಿ ಅದೇ ಗುಂಡಿಯಲ್ಲಿ ಹೂತು ಬಂದೆ. ಮುಂದಿನ ಮಳೆಗಾಲದವರೆಗೆ ನನ್ನ ಕ್ಯಾಮೆರಾ ಹೊರಬರಲಿಲ್ಲ. ಯಾವ ಮುಖ ಹೊತ್ತು ಹೊರಬಂದೀತು?

ಮಳೆ ಬಂತು, ಶ್ರಾವಣ ಮುಗಿದು ಗೌರಿ ಹಬ್ಬದ ಬೆಳಗೂ ಬಂತು. ನನ್ನ ಮೇಲೆ ನಂಬಿಕೆಯಿಲ್ಲದ ನಾಗವೇಣಿ ತಾನೂ ಗುಡ್ಡಕ್ಕೆ ಬಂದಳು. ಬಂಡೆಯ ಪಕ್ಕ ಹಿಂದಿನ ವರ್ಷದ ಅರ್ಧದಷ್ಟು ಸಣಕಲು ಬಳ್ಳಿ, ಮೂರೇ ಹೂ. ನನಗೆ ಕಣ್ಣು ತುಂಬಿತು. ಅವಳಿಗೆ ಪಾಲು ಹಂಚುವ ಉತ್ಸಾಹ ಬಂತು.

"ಇದು ಗೌರಿಗೆ. ಅದು ಬಳ್ಳಿಗೇ ಇರ್ಲಿ, ಬೀಜ ಕಟ್ಲಿ. ಆಚೆಯದು ನಿಮ್ಗೆ, ತೆಗೀರಿ ಫೋಟೋ."

ನನ್ನ ಪಾಲಿನ ಹೂವಿನ ಚಿತ್ರ ತೆಗೆದೆ. ಆಸೆಬುರುಕತನ, ಕ್ಯಾಮೆರಾವನ್ನು ಗೌರಿಯ ಪಾಲಿನತ್ತ ತಿರುಗಿಸಿದೆ. ಅವಳು ಥಟ್ಟನೆ ಸೆರಗು ಅಡ್ಡ ಹಿಡಿದಳು.

"ಪೂಜೆಗೆ ಮುಂಚೆ ಎಂಜಲು ಮಾಡ್ಬೇಡಿ!"