ತಾತನ ಅಕ್ಟೋಬರ್ ಬಾವುಟ

ಆಗೆಲ್ಲ ಕಾಡುಗೋಡಿಯಲ್ಲಿ ಆಗಸ್ಟ್ ಹದಿನೈದು ಎಂದರೆ ನೀಲಿ ಹಾಕಿ ಒಗೆದ ಬಿಳಿ ಅಂಗಿ, ಹರಳೆಣ್ಣೆ ಹಚ್ಚಿದ ಜಡೆ, ಬಾವುಟ ಹಾರಿದ ಮೇಲೆ ಕಾಗದದಲ್ಲಿ ಸುತ್ತಿಕೊಡುವ ಬೂಂದಿ ಲಾಡು. ನಮ್ಮ ಮನೆಯಲ್ಲಿ ಮಾತ್ರ ಅದು ಜಗಳದ ದಿನ. ಕಾರಣ ನಮ್ಮ ತಾತ.

ಐದನೇ ಕ್ಲಾಸಿನಲ್ಲಿದ್ದಾಗ ಭಾಷಣಕ್ಕೆ ನನ್ನ ಹೆಸರು ಬಂತು. ಮೇಷ್ಟ್ರು ಹೇಳಿಕೊಟ್ಟದ್ದನ್ನು ಕುಂಟೆಬಿಲ್ಲೆ ಆಡುವಾಗಲೂ ಒಪ್ಪಿಸುತ್ತಿದ್ದೆ. ಬಹುಮಾನದ ಸ್ಟೀಲ್ ಡಬ್ಬಿಯ ಮೇಲೆ ನನ್ನ ಕಣ್ಣು. ತೋಟದಲ್ಲಿ ಸೀಬೆಹಣ್ಣು ಕೀಳುತ್ತಿದ್ದ ತಾತ ಕೇಳಿಸಿಕೊಂಡು ತಲೆಯಾಡಿಸಿದರು.

“ಅಂಗಲ್ಲ ಕಣಮ್ಮ. ಅವತ್ತು ನಮ್ ಮೈಸೂರು ಸೀಮೆಗೆ ಸ್ವತಂತ್ರ ಎಲ್ಲಿ ಬಂತು? ದಿಲ್ಲೀಲಿ ಬಾವುಟ ಏರಿಸಿದ್ಮೇಲೂ ಇಲ್ಲಿ ಮಾರಾಜ್ರು, ದಿವಾನ್ರದೇ ದರ್ಬಾರು. ಮೈಸೂರು ಚಲೋ ಅಂತ ಕೂಗಿದ್ಕೆ ನನ್ನ ಜೈಲಿಗೆ ಆಕಿದ್ರು. ಜನರ ಸರ್ಕಾರ ಬಂದಿದ್ದು ಅಕ್ಟೋಬರ್‌ನಲ್ಲಿ. ಅದ್ನೂ ಯೋಳು.”

“ಡಬ್ಬಿ ಹೋಗುತ್ತೆ ತಾತ.”

“ಓಗ್ಲಿ ಬುಡು.”

ಹೇಳದೆ ಬಿಡುವಂತೆಯೂ ಇರಲಿಲ್ಲ. ಆ ದಿನ ಶಾಲೆಯ ಬೇಲಿಯಾಚೆ ಕೈಕಟ್ಟಿ ನಿಂತಿದ್ದರು ಪುಣ್ಯಾತ್ಮ. ನಾನು “ಆದರೆ ಅವತ್ತು ನಮಗೆ” ಎನ್ನುತ್ತಲೇ ಹೆಡ್‌ಮೇಷ್ಟ್ರು ಎಲ್ಲರ ಕೈಲೂ ಚಪ್ಪಾಳೆ ತಟ್ಟಿಸಿ, “ತಲೆಹರಟೆ ಸಾಕು, ಕೂತ್ಕೋ” ಎಂದು ಇಳಿಸಿದರು. ಡಬ್ಬಿ ಸ್ಟೇಷನ್ ಮಾಸ್ಟರ ಮಗಳ ಪಾಲಾಯಿತು. ನಾನು ತಾತನ ಜೊತೆ ಮಾತು ಬಿಟ್ಟೆ.

ಬಿಟ್ಟರೆ ಅವರೇನು ಕೇಳುವವರೇ? ಅಕ್ಟೋಬರಿನಲ್ಲಿ ದ್ರಾಕ್ಷಿ ಚಪ್ಪರದ ಕಲ್ಲುಕಂಬಕ್ಕೆ ಬಾವುಟ ಕಟ್ಟಿ, ಅಜ್ಜಿ ಕೈಲಿ ಒಬ್ಬಟ್ಟು ಮಾಡಿಸಿ, ನನ್ನನ್ನು ಜಗಲಿಯ ಮೇಲೆ ನಿಲ್ಲಿಸಿದರು.

“ಈಗ ಪೂರ್ತಿ ಯೋಳು.”

ಸಭಿಕರು ಅಜ್ಜಿ ಮತ್ತು ಎರಡು ಹಸು. ಸಿಟ್ಟಿನಲ್ಲೇ ಗಡಗಡ ಒಪ್ಪಿಸಿದೆ. ಊರಿಗೆಲ್ಲ ಒಂದು ಸ್ವಾತಂತ್ರ್ಯ, ನಮ್ಮನೆಗೆ ಇನ್ನೊಂದು ಎಂದು ಅಳುವೇ ಬಂದಿತ್ತು. ತಾತ ಮಧ್ಯೆ ಬಾಯಿ ಹಾಕದೆ, ಕೊನೆಯವರೆಗೂ ನಿಂತುಕೊಂಡೇ ಕೇಳಿದರು. ಮೊದಲ ಒಬ್ಬಟ್ಟು ನನಗೇ ಕೊಟ್ಟರು. ಆಮೇಲೆ ಅವರಿರುವ ತನಕ ವರ್ಷವರ್ಷವೂ ಇದೇ ಗೋಳು.

ಆ ತೋಟದಲ್ಲೀಗ ಅಪಾರ್ಟ್‌ಮೆಂಟು. ನಾನೂ ಅದರಲ್ಲೇ ಇದ್ದೇನೆ. ಈ ಆಗಸ್ಟಿನಲ್ಲಿ ಕಮಿಟಿಯವರು, ಇಲ್ಲೇ ಹುಟ್ಟಿ ಬೆಳೆದವರೆಂದು ನನ್ನ ಕೈಗೆ ಮೈಕು ಕೊಟ್ಟರು. ನನ್ನ ಭಾಷಣದಲ್ಲಿ ತಾತ ಜೈಲಿಗೆ ಹೋಗುವಷ್ಟರಲ್ಲಿ, “ಸಕ್ಕತ್ತಾಗಿತ್ತು ಮೇಡಂ, ಆದ್ರೆ ಮಕ್ಕಳ ಡ್ಯಾನ್ಸಿದೆ” ಎಂದು ವಾಪಸು ಇಸಿದುಕೊಂಡರು. ಮತ್ತೆ ಚಪ್ಪಾಳೆ. ಇಷ್ಟು ವಯಸ್ಸಾದರೂ ಅರ್ಧಕ್ಕೇ ಇಳಿಸುತ್ತಾರಲ್ಲ ಎಂದು ಜೀವ ರೋಸಿಹೋಯಿತು.

ಅಕ್ಟೋಬರ್ ಬರುತ್ತದೆ. ಒಬ್ಬಟ್ಟು ಕೆಳಗಿನ ಅಂಗಡಿಯಲ್ಲೇ ಸಿಗುತ್ತದೆ. ಪೂರ್ತಿ ಹೇಳು ಎನ್ನುವವರಿಲ್ಲ.