ಟವೆಲ್ ನೇತಾಡುವಾಗ ಬಿದ್ದ ಗೀಟು

ಇದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಕ್ಕುಬಿಡುತ್ತಿದ್ದೆ. ಕರೆಂಟಿನ ಬೆಲ್ಲು, ಬ್ಯಾಟರಿ, ತಂತಿ ಜೋಡಿಸುವುದನ್ನು ಪುಸ್ತಕ ನೋಡಿಕೊಂಡೇ ಕಲಿತವನು ನಾನು. ಕಾರಣವಿಲ್ಲದೆ ಏನೂ ಆಗುವುದಿಲ್ಲ ಎಂಬುದು ನನ್ನ ಹಟವಾಗಿತ್ತು.

ಆಗ ದಾವಣಗೆರೆಯ ಒಂದು ಬಸ್ ಆಫೀಸಿನಲ್ಲಿ ನಾನು, ರುದ್ರಣ್ಣ ಇಬ್ಬರೂ ಬುಕಿಂಗ್ ಗುಮಾಸ್ತರು. ಹುಬ್ಬಳ್ಳಿ ಬಸ್ಸಿನ ಸೀಟು ಬರೆಯಲು ಇದ್ದದ್ದು ಒಂದೇ ಕರಿಹಲಗೆ. ಸೀಟು ಕೊಡುವವರು ಮಾತ್ರ ಎರಡು ಕಡೆ: ಇಲ್ಲಿ ನಾವು, ಬಸ್ಸಿನ ದಾರಿಯಲ್ಲೇ ಮುಂದೆ ಸಿಗುವ ಹರಿಹರದಿಂದ ಫೋನಿನಲ್ಲಿ ಅಲ್ಲಿನ ಏಜೆಂಟ್. ಒಮ್ಮೆ ನಾನು ಬರೆಯುತ್ತಿದ್ದಾಗಲೇ ಫೋನು ಬಂದು, ರುದ್ರಣ್ಣ ನಡುವೆ ಕೈಹಾಕಿ, ಒಂದೇ ಸೀಟು ಇಬ್ಬರ ಪಾಲಾಯಿತು. "ಇನ್ನೊಂದ್ ಸಲ ಹಿಂಗಾದ್ರೆ ನೀ ಮನಿಗ್ ಹೋಗು" ಎಂದು ಮಾಲೀಕರು ರುದ್ರಣ್ಣನಿಗೆ ಹೇಳಿಬಿಟ್ಟರು.

ಅದಕ್ಕೇ ನಾನೊಂದು ಕಟ್ಟಳೆ ಮಾಡಿದೆ. ಹಲಗೆ ಮುಟ್ಟುವವನು ಮೊದಲು ಅದರ ಮೊಳೆಗೆ ಟವೆಲ್ ನೇತುಹಾಕಬೇಕು. ಆಗ ಫೋನು ಬಂದರೆ ಇನ್ನೊಬ್ಬ "ಆಮ್ಯಾಲೆ ಮಾಡ್ತೀವ್ರಿ" ಎಂದಷ್ಟೇ ಹೇಳಿ, ನೆನಪಿಗೆ ಮೇಜಿನ ಮೇಲಿನ ಬಟ್ಟಲಿಗೆ ಒಂದು ಹುಣಸೆಬೀಜ ಹಾಕಬೇಕು. ಟವೆಲ್ ತೆಗೆದ ಮೇಲೆ ಬೀಜ ನೋಡಿ ಮರಳಿ ಫೋನ್ ಮಾಡುವುದು.

ಆ ಸಂಜೆ ಟವೆಲ್ ನನ್ನದು. ಹಿಂದಿನ ಸಾಲಿನ ಸೀಟು ಬರೆಯುತ್ತಿದ್ದೆ. ಫೋನು ಹೊಡೆದುಕೊಂಡಿತು. ರುದ್ರಣ್ಣ ಎತ್ತಿದ, ಮಾತಾಡಿದ, ಬೀಜ ಹಾಕಿ "ಹರಿಹರ" ಎಂದ. ನಾನು ಮುಗಿಸಿ, ಟವೆಲ್ ತೆಗೆದು, ಫೋನ್ ಎಕ್ಸ್‌ಚೇಂಜಿನವರಿಗೆ ಹರಿಹರದ ಲೈನು ಕೊಡಿ ಎಂದೆ. "ಆ ಲೈನು ಮುಂಜಾನಿಂದ ಸತ್ತೈತ್ರಿ" ಎಂದರು. ತಿರುಗಿ ನೋಡಿದರೆ ಹಲಗೆಯ ಮೇಲೆ, ಮುಂದಿನ ಸಾಲಿನ ಒಂದು ಸೀಟಿಗೆ, ಹರಿಹರದ್ದೆಂದು ನಾವು ಹಾಕುವ ಗೀಟು!

"ಯಾವಾಗ ಹಾಕ್ದೆ ರುದ್ರಣ್ಣ?"

"ನಾನ್ಯಾಕ ಹಾಕ್ಲಿ ಮಾರಾಯ? ಹಲಗಿ ಕಾಯ್ಕಂಡು ನಿಂತೋನು ನೀನು!"

ಅಷ್ಟರಲ್ಲಿ ಅರಳೆ ವ್ಯಾಪಾರಿಯೊಬ್ಬರು ಬಂದು ಅದೇ ಸೀಟು ಬೇಕೆಂದರು. ಗೀಟು ಅಳಿಸಲು ಹೋದೆ. ರುದ್ರಣ್ಣ ನನ್ನ ಕೈ ಹಿಡಿದ. "ಬ್ಯಾಡೋ. ಅದು ಖರೇ ಇದ್ರೆ ನನ್ ಕೆಲ್ಸ ಹೋಗ್ತೈತೆ."

ದಾವಣಗೆರೆಯಿಂದ ಆ ಸೀಟು ಖಾಲಿಯೇ ಹೋಯಿತು.

ಮರುದಿನ ಡ್ರೈವರ್ ಬಂದು ಹೇಳಿದ. ಹುಬ್ಬಳ್ಳಿ ಆಸ್ಪತ್ರೆಗೆ ಹೋಗಲು ಹರಿಹರದಲ್ಲಿ ಹತ್ತಿದ ಭಾನುವಳ್ಳಿಯ ಅಜ್ಜಿಯೊಬ್ಬಳಿಗೆ ಏಜೆಂಟ್ ಅದೇ ಸೀಟು ಕೊಟ್ಟಿದ್ದನಂತೆ. ನಮಗೆ ತಿಳಿಸಲು ಫೋನೇ ಹತ್ತಲಿಲ್ಲವಂತೆ.

ರುದ್ರಣ್ಣನ ಕೆಲಸ ಉಳಿಯಿತು, ನನ್ನ ಸಂಶಯವೂ ಉಳಿಯಿತು. ಅಜ್ಜಿ ಇವನ ನೆಂಟಳೇ? ವಿಚಾರಿಸಿದೆ, ಅಲ್ಲ. ಫೋನಿನಲ್ಲಿ ಮಾತಾಡಿದ್ದು ಯಾರು? "ಏಜೆಂಟನ ದನೀನೇ" ಎಂದು ಆಣೆ ಮಾಡುತ್ತಾನೆ. ಕೊನೆಗೊಂದು ದಿನ ಕೆಣಕಿದಾಗ ಅವನೇ ನನ್ನನ್ನು ದಿಟ್ಟಿಸಿ ಕೇಳಿದ: "ಎಡಕ್ಕೆ ವಾಲಿಸಿ ಗೀಟು ಹಾಕೋನು ಈ ಆಫೀಸ್ನಾಗೆ ಯಾರೋ?"

ನಾನೊಬ್ಬನೇ. ಆ ಗೀಟೂ ಎಡಕ್ಕೇ ವಾಲಿತ್ತು. ಆದರೆ ನನ್ನ ಕೈ ಹಿಂದಿನ ಸಾಲಿನ ಮೇಲಿತ್ತಲ್ಲ!