ಝರಾಸಂಗಂ ರಸ್ತೆಯ ಹೊಂಡ ಯಾರದು?

ಕಳೆದ ತಿಂಗಳು ಒಂದು ಭಾನುವಾರ ಒಂದು ಹೊಂಡದ ಮಾಲೀಕರನ್ನು ಹುಡುಕಿಕೊಂಡು ನಮ್ಮ ತೆಲಂಗಾಣದ ಜಹೀರಾಬಾದಿನಿಂದ ತಾಂಡೂರಿಗೆ ಹೋಗಿದ್ದೆ. ಹಲ್ಲಿನ ಡಾಕ್ಟರಿಗೆ ಹೊಂಡದ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಮನೆಯಲ್ಲೂ ಕೇಳಿದರು.

ಶುರುವಾದದ್ದು ಪಂಕ್ಚರಿನಿಂದ. ಬೇಸಿಗೆಯ ಉರಿ. ನಾನೂ ನನ್ನ ಗಂಡ ಬಸವರಾಜನೂ ಝರಾಸಂಗಂನಿಂದ ವಾಪಸು ಬರುತ್ತಿದ್ದೆವು. ಒಂದು ತಿರುವಿನಲ್ಲಿ ಕಾರಿನ ಟೈರು ಕೂತುಬಿಟ್ಟಿತು. ಅವನು ಜಾಕ್ ಹುಡುಕತೊಡಗಿದ, ನಾನು ನೆರಳು ಹುಡುಕುತ್ತಾ ಜಾಲಿ ಪೊದೆಗಳ ಹಿಂದೆ ಹೋದೆ. (ಟೈರು ಬದಲಿಸುವಾಗ ಹೆಂಡತಿ ಹತ್ತಿರ ನಿಂತು ಸಲಹೆ ಕೊಡಬಾರದು. ಸಂಸಾರಕ್ಕೆ ಒಳ್ಳೆಯದಲ್ಲ.)

ಪೊದೆ ದಾಟಿದರೆ ನೀರು!

ಸುತ್ತಲ ಹೊಲಗಳೆಲ್ಲ ಬಿರುಕು ಬಿಟ್ಟಿದ್ದ ಆ ದಿನಗಳಲ್ಲಿ, ಕೆಂಪು ನೆಲದ ನಡುವೆ ಒಂದು ತಿಳಿನೀರಿನ ಹೊಂಡ. ಒಂದು ಬದಿಗೆ ಸಲೀಸಾದ ಇಳಿಜಾರು. ಉಳಿದ ಮೂರು ಬದಿಗೆ ದಪ್ಪ ಹಾಸುಗಲ್ಲಿನ ಮೆಟ್ಟಿಲು. ನಾನು ನೋಡುತ್ತಿದ್ದಂತೆಯೇ ಮಿಂಚುಳ್ಳಿಯೊಂದು ನೀರಿಗೆ ಬಿದ್ದು ಮೀನು ಹಿಡಿದು ಹಾರಿತು. ಇದೇ ರಸ್ತೆಯಲ್ಲಿ ಎಷ್ಟು ವರ್ಷಗಳಿಂದ ಓಡಾಡಿದ್ದೇನೆ, ಒಮ್ಮೆಯೂ ಕಂಡಿರಲಿಲ್ಲ! ಫೋನಿನಲ್ಲಿ ಮ್ಯಾಪ್ ತೆಗೆದೆ. ಮ್ಯಾಪಿನ ಪ್ರಕಾರ ನಾನು ಬರೀ ಬಯಲಿನಲ್ಲಿ ನಿಂತಿದ್ದೆ.

ಇಳಿಜಾರಿನ ಬದಿಯಲ್ಲಿ ಕುರಿಗಳು ನೀರು ಕುಡಿಯುತ್ತಿದ್ದವು. ಕುರಿಗಳ ಯಜಮಾನ ಬೀರಪ್ಪನನ್ನು ಹೊಂಡ ಯಾರದೆಂದು ಕೇಳಿದೆ.

“ಯಾರ್ದೂ ಇಲ್ರಿ ಅಕ್ಕೋರೆ. ನಾ ಸಣ್ಣಾಂವ ಇದ್ದಾಗಿಂದ ಹಿಂಗೇ ಅದ. ಸರಕಾರದ್ದು ಇರ್ಬೇಕು” ಎಂದ.

ಸರಕಾರ ಇಷ್ಟು ಅಂದವಾಗಿ ಹೊಂಡ ತೋಡಿ, ಒಂದು ಬೋರ್ಡೂ ಹಾಕದೆ ಸುಮ್ಮನಿರುತ್ತದೆಯೇ? ನನಗೆ ಅವತ್ತು ರಾತ್ರಿ ಊಟದ ಮೇಲೆ ಗಮನವೇ ಇರಲಿಲ್ಲ.

ಮರುದಿನದಿಂದ ಕ್ಲಿನಿಕ್ಕಿಗೆ ಬಂದವರನ್ನೆಲ್ಲ ಕೇಳತೊಡಗಿದೆ. (ಬಾಯಿ ತೆರೆದು ಕೂತವರನ್ನು ಪ್ರಶ್ನೆ ಕೇಳುವುದು ನಮ್ಮ ವೃತ್ತಿಯ ಚಾಳಿ. ಪಾಪ, ಹತ್ತಿ ತೆಗೆಯುವವರೆಗೆ ಅವರು ತಡೆದುಕೊಳ್ಳಬೇಕು.) ಒಬ್ಬರು ನಿಜಾಮರ ಕಾಲದ್ದು ಎಂದರು. ಇನ್ನೊಬ್ಬರು ಅದು ತಾನಾಗಿ ಎದ್ದ ಗಂಗೆ, ಅಲ್ಲಿ ಚಪ್ಪಲಿ ಹಾಕಿಕೊಂಡು ಹೋಗಬಾರದಿತ್ತು ಎಂದು ನನ್ನನ್ನೇ ಗದರಿದರು. ನಿವೃತ್ತ ಇಂಜಿನಿಯರೊಬ್ಬರು ರಸ್ತೆಗೆ ಮಣ್ಣು ಅಗೆದ ಗುಂಡಿ ಇರಬೇಕೆಂದರು. ಅದು ಸರಿ ಅನ್ನಿಸಿತು. ಆದರೆ ಮಣ್ಣು ಅಗೆದು ಹೋಗುವ ಕಂಟ್ರಾಕ್ಟರ್ ಮೆಟ್ಟಿಲು ಕಟ್ಟಿ ಹೋಗುತ್ತಾನೆಯೇ?

ಮುಂದಿನ ಭಾನುವಾರ ಮತ್ತೆ ಹೋದೆ. ಹೊಂಡದ ಸುತ್ತ ಬಣ್ಣಬಣ್ಣದ ಬಾವುಟಗಳು. ಪಕ್ಕದ ಹೊಲ ಪ್ಲಾಟ್ ಆಗುತ್ತಿತ್ತು. ಜೆಸಿಬಿ ಬಂದು ನಿಂತಿತ್ತು. ಬೀರಪ್ಪ ಕುರಿಗಳನ್ನು ರಸ್ತೆಯಾಚೆ ತಡೆದು ನಿಲ್ಲಿಸಿಕೊಂಡಿದ್ದ. ಈ ನೀರು ಹೋದರೆ ಮಳೆಗಾಲದವರೆಗೆ ಕುರಿಗಳನ್ನು ಎಲ್ಲಿಗೆ ಹೊಡೆದುಕೊಂಡು ಹೋಗುವುದೋ ಅವನಿಗೆ ತಿಳಿಯುತ್ತಿರಲಿಲ್ಲ. ಕುತ್ತಿಗೆಗೆ ಐಡಿ ಕಾರ್ಡ್ ಹಾಕಿಕೊಂಡಿದ್ದ ಏಜೆಂಟ್ ತೆಲುಗಿನಲ್ಲಿ ಬಹಳ ಮರ್ಯಾದೆಯಿಂದಲೇ ಮಾತಾಡಿದ. ಇದು ತಗ್ಗು ಜಾಗ, ಯಾರದೂ ಅಲ್ಲ, ಮುಚ್ಚಿ ಪಾರ್ಕ್ ಮಾಡುತ್ತೇವೆ ಎಂದ. ಯಾರದೂ ಅಲ್ಲವೆಂದು ನಿಮಗೆ ಹೇಗೆ ಗೊತ್ತು ಎಂದೆ. ಮಾಲೀಕರಿದ್ದರೆ ಮುಂದಿನ ವಾರದೊಳಗೆ ಕರೆದುಕೊಂಡು ಬನ್ನಿ ಮೇಡಂ, ಅಲ್ಲಿಯವರೆಗೆ ಕೈ ಹಚ್ಚುವುದಿಲ್ಲ ಎಂದು ನಕ್ಕ.

ಆ ನಗುವೇ ನನ್ನನ್ನು ಕೆರಳಿಸಿದ್ದು.

ರಸ್ತೆಯ ಕಚೇರಿಯಲ್ಲಿ ವಿಚಾರಿಸಿದೆ. ನಮ್ಮದಲ್ಲ ಎಂದರು. ಪಂಚಾಯ್ತಿಯಲ್ಲೂ ಅದೇ ಉತ್ತರ. ಮನೆಗೆ ಬಂದು ನಾನು ತೆಗೆದಿದ್ದ ಫೋಟೋಗಳನ್ನೇ ತಿರುಗಿ ತಿರುಗಿ ನೋಡಿದೆ. ಆಗ ಹೊಳೆಯಿತು: ಮೆಟ್ಟಿಲಿನ ಕಲ್ಲು! ನಮ್ಮ ಕೆಂಪು ನೆಲದಲ್ಲಿ ಈ ಹಳದಿ, ನೀಲಿ ಚಪ್ಪಡಿ ಎಲ್ಲಿಂದ ಬರಬೇಕು? ತಾಂಡೂರಿನಿಂದ. ತಾಂಡೂರಿನಲ್ಲಿ ನನ್ನ ಸೋದರಮಾವ ಚನ್ನಬಸಪ್ಪ ಮಾಡುವುದು ಕಲ್ಲಿನ ವ್ಯಾಪಾರವನ್ನೇ! ಫೋಟೋ ಕಳಿಸಿದೆ. ಚಹಾ ಆರುವುದರೊಳಗೆ ಮಾವನ ಫೋನ್ ಬಂತು. ಇಷ್ಟು ದಪ್ಪ ಚಪ್ಪಡಿ ಈಗ ಯಾರೂ ಕೊಯ್ಯುವುದಿಲ್ಲ, ಇದು ಹಳೆಯ ಮಾಲು, ಆಗ ನಿಮ್ಮ ಕಡೆಗೆ ಕಲ್ಲು ಸಾಗಿಸುತ್ತಿದ್ದದ್ದು ಸಿದ್ರಾಮಪ್ಪನ ಲಾರಿ, ಅವನಿಲ್ಲ, ಹೆಂಡತಿ ಗುರುಬಸಮ್ಮ ಇದ್ದಾಳೆ, ಬಾ ಎಂದರು.

ಹೋಗದೇ ಇರುತ್ತೇನೆಯೇ?

ಗುರುಬಸಮ್ಮ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದರು. ಹಣೆತುಂಬ ವಿಭೂತಿ. ಫೋಟೋ ತೋರಿಸಿದೆ. ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡು ತುಂಬ ಹೊತ್ತು ನೋಡಿದರು. ಆಮೇಲೆ ಮೊದಲು ಕೇಳಿದ್ದು ಇಷ್ಟೇ: “ನೀರು ಅದ?”

ಇದೆ ಎಂದೆ. ಕೈ ಒರೆಸಿಕೊಂಡು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

ಅವರ ತವರು ಝರಾಸಂಗಂ ಕಡೆಯ ಹಳ್ಳಿ. ಹೆರಿಗೆಗೆಂದು ಗಂಡನ ಲಾರಿಯಲ್ಲೇ ತವರಿಗೆ ಹೊರಟಿದ್ದರಂತೆ. ಅದೇ ತಿರುವಿನಲ್ಲಿ ಆಕ್ಸಲ್ ಮುರಿಯಿತು. ಬಿಸಿಲಿನಲ್ಲಿ ಅಲ್ಲೇ ನೋವು ಕಾಣಿಸಿಕೊಂಡಿತು.

“ಕುರಿ ಕಾಯೋ ಹೆಣ್ಮಕ್ಕಳು ಓಡಿ ಬಂದ್ರವ್ವ. ಕಂಬಳಿ ಅಡ್ಡ ಕಟ್ಟಿದ್ರು. ಕೂಸು ಹುಟ್ಟಿತು. ಮೈ ತೊಳಿಲಾಕ ನೀರಿಲ್ಲ. ಒಬ್ಬಾಕಿ ಕೊಡ ತಗೊಂಡು ಹೋದಾಕಿ ಎಷ್ಟೊತ್ತಾದ್ರೂ ಬರಲಿಲ್ಲ, ಅಷ್ಟು ದೂರ ಇತ್ತು ನೀರು. ಬಂದಾಗ ಆಕಿ ತುಟಿ ಒಡದಿದ್ವು. ಕೊಡ ತುಂಬ ನೀರು ಹೊತ್ಗೊಂಡು ಬಂದಾಳ, ತಾ ಒಂದು ಗುಟುಕು ಕುಡದಿಲ್ಲ.”

ಮಗುವಿಗೆ ಕಾಲು ಬಂದ ಮೇಲೆ ಗುರುಬಸಮ್ಮ ಅದನ್ನು ಎತ್ತಿಕೊಂಡು ಆ ಹೆಂಗಸರನ್ನು ಹುಡುಕಲು ಹೋದರು. ಊರೂರು ತಿರುಗುವ ಮಂದೆ, ಸಿಗಲಿಲ್ಲ. ತಿರುವಿನಲ್ಲಿ ರಸ್ತೆಯವರು ಮಣ್ಣು ಅಗೆದು ಬಿಟ್ಟ ಗುಂಡಿಯೊಂದಿತ್ತು. (ಇಂಜಿನಿಯರಿಗೆ ಅರ್ಧ ಮಾರ್ಕ್ಸ್.) ಅದನ್ನೇ ಆಳ ಮಾಡಿಸಿ, ಮಳೆನೀರು ಹರಿದು ಬರುವ ಹಾಗೆ ಕಾಲುವೆ ತೆಗೆಸಿದರು. ಸಿದ್ರಾಮಪ್ಪ ಕಲ್ಲು ತಂದು ನಾಲ್ಕೂ ಬದಿಗೆ ಮೆಟ್ಟಿಲು ಕಟ್ಟಿಸುವುದಕ್ಕೆ ಹೊರಟಿದ್ದ. ಇವರು ಒಂದು ಬದಿಗೆ ಬೇಡವೆಂದರು.

“ಕುರಿ ಮೆಟ್ಲು ಇಳಿತಾವೇನು?”

ಜಾಗ ಖಾದರ್ ಪಟೇಲರದಾಗಿತ್ತು. ಮಾಡಿಕೊಳ್ಳಿ ಎಂದು ಬಾಯಿಮಾತಿನಲ್ಲೇ ಕೊಟ್ಟರಂತೆ. ಅವರದು ಒಂದೇ ಷರತ್ತು: ಯಾರ ಹೆಸರೂ ಬರೆಸಬಾರದು. ಬರೆಸಿದರೆ ನಾಳೆ ನಂದು ನಿಂದು ಶುರುವಾಗುತ್ತದೆ. ಆ ಒಳ್ಳೆಯ ಷರತ್ತೇ ಈಗ ಹೊಂಡದ ಕುತ್ತಿಗೆಗೆ ಬಂದಿತ್ತು.

ಬುಧವಾರ ನಾವೆಲ್ಲ ಹೊಂಡದ ಹತ್ತಿರ ಸೇರಿದೆವು. ಗುರುಬಸಮ್ಮನ ಜೊತೆ ಅವರ ಮಗಳು ಮಹಾದೇವಿ ಬಂದಿದ್ದರು. ರಸ್ತೆಯಂಚಿನಲ್ಲಿ ಹುಟ್ಟಿದ ಆ ಕೂಸು ಈಗ ನಾರಾಯಣಖೇಡದಲ್ಲಿ ಟೀಚರ್. ನೀನು ಹಾದಿಯಲ್ಲಿ ಸಿಕ್ಕಿದವಳು ಎಂದು ಅಮ್ಮ ಅನ್ನುತ್ತಿದ್ದದ್ದನ್ನು ತಮಾಷೆ ಅಂದುಕೊಂಡಿದ್ದರಂತೆ. ಪಟೇಲರು ತೀರಿಕೊಂಡಿದ್ದಾರೆ. ಅವರ ಬದಲು ಬಂದದ್ದು ಮಗ ಇಸ್ಮಾಯಿಲ್, ಜಹೀರಾಬಾದಿನಲ್ಲಿ ಹಣ್ಣಿನ ವ್ಯಾಪಾರಿ. ಪ್ಲಾಟಿನವರಿಗೆ ಹೊಲ ಮಾರಿದ್ದೇ ಅವರು. ಇವರೇ ಹೊಂಡವನ್ನೂ ಮಾರಿದ್ದರೆ?

ಇಸ್ಮಾಯಿಲ್ ಸುತ್ತಲೂ ಒಮ್ಮೆ ನೋಡಿದರು. ಸೀದಾ ಹೋಗಿ ಒಂದು ಬಾವುಟ ಕಿತ್ತು ಏಜೆಂಟನ ಕೈಗೆ ಕೊಟ್ಟರು.

“ಹೊಲ ಕೊಟ್ಟೀನಿ, ಹೊಂಡ ಕೊಟ್ಟಿಲ್ಲ. ಮಾರೋ ಮುಂದ ಇದೊಂದು ತುಕುಡಾ ಬಿಟ್ಟೇ ಅಳದೀನಿ. ಇದು ನಮ್ದಲ್ಲ ಅಂತ ನಮ್ಮ ಅಬ್ಬಾ ಹೇಳಿ ಹೋಗ್ಯಾರ.”

ಏಜೆಂಟ್ ಕಕ್ಕಾಬಿಕ್ಕಿ. ಹಾಗಾದರೆ ಯಾರದು ಎಂದು ಕೇಳಿದ. ಕಾಗದದಲ್ಲಿ ನಮ್ಮ ಹೆಸರಿದೆ ಅಷ್ಟೇ ಎಂದರು ಇಸ್ಮಾಯಿಲ್. ನಾನು ಕಲ್ಲು ಹಾಕಿಸಿದೆ ಅಷ್ಟೇ ಎಂದರು ಗುರುಬಸಮ್ಮ. ನಮ್ಮ ಕುರಿ ಕುಡಿಯುತ್ತವೆ ಅಷ್ಟೇ ಎಂದ ಬೀರಪ್ಪ. ಒಂದು ಗುಂಟೆಗೆ ಅಣ್ಣತಮ್ಮಂದಿರು ಕೋರ್ಟು ಹತ್ತುವ ಈ ಕಾಲದಲ್ಲಿ, ಇಷ್ಟು ಜನ ಒಂದೇ ಕಡೆ ನಿಂತು ‘ನಂದಲ್ಲ’ ಅನ್ನುವುದನ್ನು ನಾನು ಎಲ್ಲೂ ಕೇಳಿಲ್ಲ. ಯಾರೂ ನಂದು ಅನ್ನದ್ದು ಯಾರದೂ ಅಲ್ಲ ಎಂದು ನಾವು ಯಾವಾಗಿನಿಂದ ತಿಳಿದುಕೊಂಡೆವು?

ಜೆಸಿಬಿ ಹಿಂದಕ್ಕೆ ಹೋಯಿತು. ಬೀರಪ್ಪ ಸಿಳ್ಳೆ ಹಾಕಿದ. ಕುರಿಗಳು ರಸ್ತೆ ದಾಟಿ, ಒಂದರ ಮೇಲೊಂದು ಬಿದ್ದು, ಇಳಿಜಾರಿನಲ್ಲಿ ನೀರಿಗೆ ಬಾಯಿ ಹಚ್ಚಿದವು. ಗುರುಬಸಮ್ಮ ಅವನಿಗೆ ಹೆರಿಗೆಯ ಕಥೆ ಹೇಳಿ, ಆ ಹೆಂಗಸರು ಯಾವ ಕಡೆಯವರಿರಬಹುದು ಎಂದು ವಿಚಾರಿಸಿದರು. ಅವತ್ತು ಬಂದವರು ನಾಗಲಗಿದ್ದ ಕಡೆಯ ಮಂದೆಯವರಿರಬೇಕು, ಈಗಲೂ ಕೆಲವರು ಬೇಸಿಗೆಯಲ್ಲಿ ಇಲ್ಲಿಗೆ ಬಂದು ಕುರಿಗೆ ನೀರು ಕುಡಿಸಿಕೊಂಡು ಹೋಗುತ್ತಾರೆ ಎಂದ. ಆಕೆ ಮಗಳ ಭುಜ ಹಿಡಿದುಕೊಂಡು ಮೆಟ್ಟಿಲು ಇಳಿದರು. ನನಗೆ ಕುಣಿದಾಡಬೇಕು ಅನ್ನಿಸಿತು. ಪೇಷಂಟುಗಳು ಯಾರಾದರೂ ನೋಡಿಯಾರೆಂದು ಸುಮ್ಮನಾದೆ.

ನಿನ್ನೆ ಕ್ಲಿನಿಕ್ಕಿಗೆ ಪ್ಲಾಟಿನವರ ಹೊಸ ಬ್ರೋಚರ್ ಬಂತು. ಮುಖಪುಟದಲ್ಲಿ ಅದೇ ಹೊಂಡ. ಮೇಲೆ ದೊಡ್ಡ ಅಕ್ಷರದಲ್ಲಿ ‘ಲೇಕ್ ವ್ಯೂ’. ಚಿತ್ರದಲ್ಲಿ ಮಿಂಚುಳ್ಳಿ ಇದೆ, ಮೆಟ್ಟಿಲಿದೆ, ಮೆಟ್ಟಿಲ ಮೇಲೆ ಕಾಫಿ ಹಿಡಿದು ಕೂತ ಜೋಡಿಯೂ ಇದೆ.

ಅಲ್ಲಾ ಸ್ವಾಮಿ, ಕುರಿಗಳೆಲ್ಲಿ?